ಒಂದಕ್ಕೆ ನಿಲ್ಲು, ಮೂರಕ್ಕೆ ಮೆಲ್ಲಗೆ

ಕಳೆದ ತಿಂಗಳು ಬಂಗಾರಪೇಟೆಯ ನಮ್ಮ ಪ್ರೌಢಶಾಲೆಯಿಂದ ಪೀಟಿ ಮೇಡಂ ನಿವೃತ್ತರಾದರು. ಅವರಿಗಿಂತ ಒಂದು ವರ್ಷ ಮೊದಲೇ ಕನ್ನಡ ಮೇಷ್ಟ್ರ ಕೆಲಸದಿಂದ ಬಿಡುಗಡೆಯಾಗಿ, ಮನೆಯಲ್ಲಿ ತರಕಾರಿ ಹೆಚ್ಚುವುದಕ್ಕೂ ನಾಲಾಯಕ್ಕು ಎಂದು ತೀರ್ಮಾನವಾಗಿದ್ದ ನನ್ನನ್ನು ಬೀಳ್ಕೊಡುಗೆಯ ಸಭೆಯಲ್ಲಿ ಮಾತಾಡಲು ಕರೆದರು. ಹನ್ನೊಂದು ಪುಟ ಬರೆದುಕೊಂಡು ಹೋದೆ. ಮೂರನೆಯ ಪುಟದ ನಡುವೆ ಭಾಷಣ ನಿಂತುಹೋಯಿತು. ಯಾಕೆ ನಿಂತಿತು ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಉಳಿದ ಎಂಟು ಪುಟ ದಂಡವಾಗಬಾರದು ಎಂಬ ಜಿಪುಣತನದಿಂದ ಈ ಲೇಖನ ಹುಟ್ಟಿದೆ. ಹೆಸರು ಹಾಕಬೇಡಿ ಎಂದು ಮೇಡಂ ಅಪ್ಪಣೆ ಮಾಡಿದ್ದಾರೆ. ಅವರ ಅಪ್ಪಣೆ ಮೀರಿದ ದಾಖಲೆ ತಾಲ್ಲೂಕಿನಲ್ಲಿ ಇಲ್ಲ.

ಐದಡಿಗೂ ಒಂದಿಷ್ಟು ಕಡಿಮೆಯ ಹೆಂಗಸು. ದಾರಿಯಲ್ಲಿ ಚಪ್ಪಲಿ, ಮೈದಾನದಲ್ಲಿ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಕೆಂಪು ದಾರದ ಸೀಟಿ. ಮನೆ ಕೆಜಿಎಫ್‌ನ ಉರಿಗಾಂನಲ್ಲಿ, ಗಣಿ ಕಾರ್ಮಿಕರ ಹಳೆಯ ಸಾಲುಮನೆ. ಅಲ್ಲಿಂದ ದಿನವೂ ರೈಲಿನಲ್ಲಿ ಬರುತ್ತಿದ್ದರು. ರೈಲು ತಡವಾದ ದಿನವೂ ಮೇಡಂ ತಡವಾಗಿ ಬಂದದ್ದಿಲ್ಲ. ಇದು ಹೇಗೆ ಸಾಧ್ಯ ಎಂಬುದರ ಬಗ್ಗೆ ಸ್ಟಾಫ್‌ರೂಮಿನ ಪಂಡಿತರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ.

ಮನೆಯಲ್ಲಿ ತಮಿಳು, ನಮ್ಮ ಹತ್ತಿರ ಕನ್ನಡ, ಮೈದಾನದಲ್ಲಿ ಹುಡುಗಿಯರನ್ನು ಅಟ್ಟುವಾಗ ತೆಲುಗು. ಯಾವ ಭಾಷೆಯಲ್ಲಿ ಬೈಸಿಕೊಂಡೆವು ಎನ್ನುವುದರ ಮೇಲೆ ತಪ್ಪಿನ ತೂಕ ಗೊತ್ತಾಗುತ್ತಿತ್ತು. ಕನ್ನಡದಲ್ಲಿ ಬೈದರೆ ಕ್ಷಮೆ ಉಂಟು. ತೆಲುಗಾದರೆ ಮೈದಾನಕ್ಕೆ ಎರಡು ಸುತ್ತು. ತಮಿಳಿಗೆ ಹೋದರೆ ಮನೆಯವರನ್ನು ಕರೆಸಬೇಕು. ಹೆಡ್‌ಮಾಸ್ಟರರು ಒಮ್ಮೆ ತಮಿಳಿನಲ್ಲಿ ಬೈಸಿಕೊಂಡಿದ್ದರು.

ಮೇಡಮ್ಮನವರ ತಂದೆ ಚಿನ್ನದ ಗಣಿಯ ಬಾಯಲ್ಲಿ ಗಂಟೆಯ ಕೆಲಸದವರು. ಜನರನ್ನು ಪಾತಾಳಕ್ಕೆ ಇಳಿಸುವ, ಮೇಲೆತ್ತುವ ಕೇಜಿನ ಬಾಗಿಲಲ್ಲಿ ನಿಂತು ಇಂಜಿನ್ ಮನೆಗೆ ಗಂಟೆ ಬಾರಿಸುವುದು ಅವರ ಕೆಲಸ. ಒಂದು ಬಾರಿಸಿದರೆ ನಿಲ್ಲಿಸು. ಎರಡಕ್ಕೆ ಇಳಿಸು. ಮೂರು ಅಂದರೆ ಒಳಗೆ ಮನುಷ್ಯರಿದ್ದಾರೆ, ಮೆಲ್ಲಗೆ. ಇಂಜಿನ್ ಮನೆಯವನು ಕೇಳಿಸಿಕೊಂಡಷ್ಟೇ ಗಂಟೆಯನ್ನು ತಿರುಗಿ ಬಾರಿಸಬೇಕು. ಆ ಜವಾಬು ಬರುವ ತನಕ ಕೇಜು ಅಲುಗಾಡಬಾರದು. ಈ ಶಾಸನ ಅವರ ಮನೆಯ ಊಟದ ತಟ್ಟೆಗೂ ಅನ್ವಯವಾಗಿತ್ತಂತೆ. ಅಪ್ಪ ತಟ್ಟೆಗೆ ಬೆರಳಿಂದ ಒಂದು ಬಡಿದರೆ ಸಾಕು, ಎರಡು ಬಡಿದರೆ ಇನ್ನೊಂದಿಷ್ಟು ಅನ್ನ ಇಳಿಸು, ಮೂರು ಬಡಿದರೆ ನೆಂಟರು ಕೂತಿದ್ದಾರೆ, ಸಾರನ್ನು ನೋಡಿಕೊಂಡು ಬಡಿಸು. ಅಮ್ಮ ಸೌಟಿನಿಂದ ಪಾತ್ರೆಗೆ ಅಷ್ಟೇ ಸಲ ಬಡಿದು ಜವಾಬು ಕೊಡಬೇಕು. ಮಾತಿಲ್ಲದೆ ಊಟ ಮುಗಿಯುತ್ತಿತ್ತು.

ಗಣಿ ಮುಚ್ಚಿತು, ಅಪ್ಪ ಹೋದರು, ಶಾಸನ ಮಾತ್ರ ರೈಲು ಹತ್ತಿ ನಮ್ಮ ಶಾಲೆಗೆ ಬಂತು. ಮೇಡಂ ಸೀಟಿಯ ಒಂದು ಊದಿಗೆ ಇಡೀ ಮೈದಾನ ಕಲ್ಲಾಗುತ್ತಿತ್ತು. ನನ್ನ ತರಗತಿಯ ಕಿಟಕಿ ಮೈದಾನದ ಕಡೆಗಿತ್ತು. ಇನ್ಸ್‌ಪೆಕ್ಟರು ಬಂದು ಕೂತ ದಿನ ನಾನು ಹಳಗನ್ನಡದ ಒಂದು ಪದ್ಯವನ್ನು ಬರೆಸುತ್ತಿದ್ದೆ. ಹೊರಗೆ ಸೀಟಿ ಒಂದು ಸಲ ಕೂಗಿತು. ಒಳಗೆ ನಲವತ್ತೆರಡು ಪೆನ್ನುಗಳು ಪದದ ಮಧ್ಯದಲ್ಲಿ ನಿಂತವು. ಇನ್ಸ್‌ಪೆಕ್ಟರು ಇದನ್ನು ನನ್ನ ಶಿಸ್ತು ಎಂದು ತಿಳಿದು ವರದಿಯಲ್ಲಿ ಬರೆದರು. ನಾನು ತಿದ್ದಲಿಲ್ಲ.

ಅವರ ಇನ್ನೊಂದು ಶಾಸನ, ಒಂದು ಆಟದ ಅಂಕ ಇನ್ನೊಂದು ಆಟದ ಹಾಳೆಗೆ ಬರಬಾರದು. ಕಾಮಸಮುದ್ರದಲ್ಲಿ ನಡೆದ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಕಬಡ್ಡಿಯ ಹಾಳೆ ಮುಗಿಯಿತೆಂದು ಯಾರೋ ಖೋಖೋ ಹಾಳೆಯ ಹಿಂದುಗಡೆ ಬರೆದಿದ್ದರು. ಮೇಡಂ ಆಟ ನಿಲ್ಲಿಸಿ, ಹೊಸ ಹಾಳೆ ತರಿಸಿ, ಮೊದಲಿನಿಂದ ಬರೆಸಿದರು. ಆ ಬರೆಯುವುದರಲ್ಲಿ ನಮ್ಮ ಶಾಲೆಯ ಒಂದು ಅಂಕವೇ ತಪ್ಪೆಂದು ಗೊತ್ತಾಗಿ, ಅದನ್ನು ಅವರೇ ಹೊಡೆದುಹಾಕಿ, ನಾವು ಸೋತೆವು. ಹೆಡ್‌ಮಾಸ್ಟರರು ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಈ ಹಾಳೆಯ ಶುಚಿತ್ವವೇ ಮುಂದೆ ಅವರನ್ನು ನೆಲಕ್ಕೆ ಕೆಡವುವುದರಲ್ಲಿತ್ತು.

ಒಂದು ಬೆಳಿಗ್ಗೆ ಮೇಡಂ ಒಂದೇ ಚಪ್ಪಲಿಯಲ್ಲಿ ಸ್ಟಾಫ್‌ರೂಮಿಗೆ ಬಂದರು. ಇನ್ನೊಂದು ರೈಲಿನಲ್ಲೇ ಕಳಚಿಕೊಂಡಿತ್ತು. ಸ್ಟೇಷನ್ನಿನಿಂದ ಶಾಲೆಯವರೆಗೆ ಒಂದು ಬರಿಗಾಲಲ್ಲಿ ನಡೆದದ್ದು ಅವರಿಗೆ ತಿಳಿದೇ ಇರಲಿಲ್ಲ. ನಾವು ನಕ್ಕೆವು. ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ ಎಂಬುದು ನನ್ನ ಮೇಲಿನ ದೊಡ್ಡ ದೂರುಗಳಲ್ಲಿ ಒಂದು. ಕಾಲು ಜೋಮು ಹಿಡಿದಿದೆ, ಇರುವೆ ಹರಿದ ಹಾಗಿದೆ ಎಂದು ಮೇಡಂ ಉರಿಗಾಂ ಕಡೆಯ ಒಬ್ಬ ಡಾಕ್ಟರಿಗೆ ತೋರಿಸಿದರು. ಅವರು ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದೀರಿ, ಅನ್ನ ಬಿಡಿ ಎಂದರು. ಬಿಟ್ಟರು. ಜೋಮು ಬಿಡಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಎಡಗಣ್ಣು. ಕಣ್ಣು ಹೊರಳಿಸಿದರೆ ನೋವು, ಎದುರಿಗೆಲ್ಲ ಮಂಜು. ಸೀಟಿಯ ಕೆಂಪು ದಾರ ಒಗೆದೊಗೆದು ಬಣ್ಣ ಬಿಟ್ಟ ಹಾಗೆ ಕಾಣುತ್ತದೆ ಅಂದರು. ನಮ್ಮ ಶಾಲೆಯ ಹತ್ತಿರದ ಕಣ್ಣಿನ ಡಾಕ್ಟರು ಹನಿ ಕೊಟ್ಟರು, ಕನ್ನಡಕ ಕೊಟ್ಟರು. ತಿಂಗಳೊಪ್ಪತ್ತಿಗೆ ಮಂಜು ತಾನಾಗಿ ಕರಗಿತು. ಅಲ್ಲಿಗೆ ಕಣ್ಣಿನ ಆಟ ಮುಗಿಯಿತು, ಹಾಳೆ ಮುಚ್ಚಿತು.

ನಮ್ಮ ಕಡೆ ಆಸ್ಪತ್ರೆಯ ಕಾಗದ ಇಡುವುದು ಮದುವೆಯ ತಾಂಬೂಲದ ಚೀಲದಲ್ಲಿ. ಆ ವರ್ಷ ನಮ್ಮ ಶಾಲೆಯ ಗುಮಾಸ್ತರ ಮಗಳ ಮದುವೆಯಾಗಿತ್ತು. ಚೀಲ ಮಿಕ್ಕಿತ್ತೆಂದು ನಮಗೆಲ್ಲ ಎರಡೆರಡು ಕೊಟ್ಟಿದ್ದರು. ಹಳದಿ ಬಟ್ಟೆ, ನೀಲಿ ಅಕ್ಷರದಲ್ಲಿ ವಧೂವರರ ಹೆಸರು, ಕೆಳಗೆ ಒಂದು ಜೊತೆ ಗಿಳಿ. ಮೇಡಂ ಒಂದರಲ್ಲಿ ಕಾಲನ್ನೂ ಇನ್ನೊಂದರಲ್ಲಿ ಕಣ್ಣನ್ನೂ ಹಾಕಿ ಸ್ಟಾಫ್‌ರೂಮಿನ ತಮ್ಮ ಬೀರುವಿನಲ್ಲಿ ಬೇರೆ ಬೇರೆ ಮೊಳೆಗೆ ತೂಗುಹಾಕಿದ್ದರು.

ಬಿದ್ದದ್ದು ಮೈದಾನದಲ್ಲೇ. ಖೋಖೋ ಅಂಕಣಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದವರು ಹಾಗೇ ಕುಸಿದರು. ಏಳಲು ಹೋದರೆ ಎರಡು ಕಾಲೂ ಮಾತು ಕೇಳಲಿಲ್ಲ. ಹುಡುಗಿಯರು ಕಿರುಚಲು ಶುರುಮಾಡಿದಾಗ ಮಲಗಿದಲ್ಲಿಂದಲೇ ಸೀಟಿ ಒಂದು ಸಲ ಊದಿದರು. ಕಿರುಚಾಟ ನಿಂತಿತು. ಹುಡುಗಿಯರು ತರಗತಿಯಿಂದ ಬೆಂಚು ತಂದು ಅವರನ್ನು ಅದರ ಮೇಲೆ ಎತ್ತಿ ಕೂರಿಸಿದರು. ಆಗ ಸೀಟಿ ಮೂರು ಸಲ ಕೂಗಿತು. ಹುಡುಗಿಯರು ಬೆಂಚು ಹೊತ್ತು ಮೆಲ್ಲಗೆ ನಡೆದರು. ಮುಖ, ಸೀರೆ ಎಲ್ಲ ಸುಣ್ಣ. ನಾನು ಅವರ ಒಂದು ಬೂಟು ಹಿಡಿದುಕೊಂಡು ಹಿಂದೆ ಹೋದೆ. ಯಾಕೆ ಹಿಡಿದುಕೊಂಡೆ ಎಂದು ಗೊತ್ತಿಲ್ಲ.

ಒಂದು ವಾರವೂ ಕಳೆದಿರಲಿಲ್ಲ, ಇನ್ನು ಇವರು ಕೆಲಸಕ್ಕೆ ಅನರ್ಹರು ಎಂಬ ಗುಸುಗುಸು ಎದ್ದಿತು. ಹೆಡ್‌ಮಾಸ್ಟರರು ದಾಸ್ತಾನು ಪುಸ್ತಕ ತೆಗೆದು, ಸೀಟಿ ಒಂದು, ಶಾಲೆಯ ಆಸ್ತಿ, ವಾಪಸು ಬಂದಿಲ್ಲ ಎಂದು ನನಗೆ ತೋರಿಸಿದರು. ಇದನ್ನು ಉರಿಗಾಂಗೆ ಹೋಗಿ ಮೇಡಮ್ಮನವರಿಗೆ ಹೇಳಿದೆ. ಅವರಿಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಎದ್ದಾರು ಎಂಬುದು ನನ್ನ ವೈದ್ಯಶಾಸ್ತ್ರ. ಸಿಟ್ಟು ಬರಲಿಲ್ಲ.

“ಕೆಲ್ಸ ಓದ್ರೆ ಓಗ್ಲಿ ಸಾರ್” ಅಂದರು. “ನಂಗೆ ನೆಲ ಬೇಕು. ಕಾಲ್ ಕೆಳ್ಗೆ ನೆಲ ಐತೋ ಇಲ್ವೋ ಗೊತ್ತೇ ಆಗಲ್ಲ. ಅದೊಂದು ತಿರ್ಗಾ ಬತ್ತದಾ, ಯಾರಾನ ಏಳ್ಲಿ.”

ಅವರ ಗಂಡ ಉರಿಗಾಂನಲ್ಲಿ ಸ್ಕೂಟರು ರಿಪೇರಿ ಮಾಡುವವರು, ಮಾತು ಕಡಿಮೆ. ಬೆಂಗಳೂರಿಗೆ ಕರೆದುಕೊಂಡು ಹೋಗೋಣ ಅಂದರು. ಅದು ಆ ತಿಂಗಳ ಅವರ ಒಟ್ಟು ಮಾತು. ಹೊರಡುವ ಹಿಂದಿನ ದಿನ ಮೇಡಂ ನನಗೆ ಫೋನ್ ಮಾಡಿ, ಬೀರುವಿನಿಂದ ಕಾಲಿನ ಚೀಲ ತನ್ನಿ, ಕಣ್ಣಿನದು ಅಲ್ಲೇ ಇರಲಿ, ಎರಡನ್ನೂ ಕಲಸಬೇಡಿ ಎಂದು ಮೂರು ಸಲ ಹೇಳಿದರು. ನಾನು ಬೀರು ತೆಗೆದೆ. ಎರಡು ಹಳದಿ ಚೀಲ, ನಾಲ್ಕು ಗಿಳಿ. ಮೂವತ್ತು ವರ್ಷ ಮಕ್ಕಳಿಗೆ ಗಮನವಿಟ್ಟು ಓದಿ ಎಂದು ಬೋಧಿಸಿದವನು, ಎಡಗಡೆಯದನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು ರೈಲು ಹತ್ತಿದೆ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ನಮಗೆ ಸಿಕ್ಕಿದ ಡಾಕ್ಟರು ನಮ್ಮ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ರಬ್ಬರಿನ ಸುತ್ತಿಗೆಯಿಂದ ಮೇಡಮ್ಮನವರ ಮಂಡಿಗೆ ತಟ್ಟಿದಳು. ಕಾಲು ಸುಮ್ಮನಿತ್ತು. ಇನ್ನೊಂದು ಮಂಡಿ, ಅದೂ ಸುಮ್ಮನೆ. ಆಮೇಲೆ ಬೀಗದ ಕೈಯಿಂದ ಅಂಗಾಲಿಗೆ ಗೀರಿದಳು. ಹೆಬ್ಬೆರಳು ತಾನಾಗಿ ಮೆಲ್ಲಗೆ ಮೇಲೆದ್ದಿತು. ಡಾಕ್ಟರ ಹುಬ್ಬೂ ಅದರ ಜೊತೆಗೇ ಎದ್ದಿತು. ಮಂಡಿ ಸುಮ್ಮನಿರುವುದು ಕೈಕಾಲಿನ ನರ ಕೆಟ್ಟಿದೆ ಅನ್ನುತ್ತದೆ, ಬೆರಳು ಹೀಗೆ ಏಳುವುದು ಮಿದುಳೋ ಬೆನ್ನುಹುರಿಯೋ ಕೆಟ್ಟಿದೆ ಅನ್ನುತ್ತದೆ, ಒಂದೇ ಕಾಲು ಎರಡು ಸಾಕ್ಷಿ ಹೇಳುತ್ತಿದೆ ಎಂದು ನಮಗೆ ವಿವರಿಸಿದಳು. ಬೇರೆ ಏನಾದರೂ ತೊಂದರೆ ಇತ್ತೇ ಎಂದು ಕೇಳಿದಳು. ಏನೂ ಇಲ್ಲ ಅಂದರು ಮೇಡಂ. ಹಳೆಯ ಕಾಗದ ಇದೆಯೇ ಎಂದಳು. ನಾನು ಎದ್ದು ನಿಂತು, ರಾಜನಿಗೆ ಕಪ್ಪ ಒಪ್ಪಿಸುವವನ ಗಾಂಭೀರ್ಯದಲ್ಲಿ ಚೀಲ ಕೊಟ್ಟೆ.

ಡಾಕ್ಟರು ಮೊದಲ ಕಾಗದ ಓದಿದಳು, ಎರಡನೆಯದು ಓದಿದಳು, ಮತ್ತೆ ಮೊದಲನೆಯದಕ್ಕೆ ಬಂದಳು.

“ಇದು ಯಾರದು?”

ಮೇಡಂ ಇಣುಕಿ ನೋಡಿ ನನ್ನ ಕಡೆ ತಿರುಗಿದರು. ತಮಿಳಿನಲ್ಲಿ ನಾಲ್ಕು ಮಾತು ಬಂತು. ಅವರ ಗಂಡ ಕಿಟಕಿಯ ಹೊರಗೆ ನೋಡತೊಡಗಿದರು. ಆಮೇಲೆ ಮೇಡಂ ಕನ್ನಡದಲ್ಲಿ, “ನಂದೇ ಡಾಕ್ಟ್ರೇ, ಆದ್ರೆ ಅದು ಕಣ್ಣಿಂದು. ಅದು ಬೇರೆ, ಮುಗ್ದೋಯ್ತು. ಈ ಸಾರು ತಪ್ಪು ಚೀಲ ತಂದವ್ರೆ” ಅಂದರು.

“ತಪ್ಪು ಚೀಲ ಅಲ್ಲಮ್ಮ” ಅಂದಳು ಡಾಕ್ಟರು. “ನಾನು ಹುಡುಕ್ತಾ ಇದ್ದಿದ್ದೇ ಈ ಚೀಲ.”

ಹಾಗೆಂದವಳು ಕಾಗದ ಹಿಡಿದುಕೊಂಡು ಕಾರಿಡಾರಿನಲ್ಲಿ ಅಕ್ಷರಶಃ ಓಡಿದಳು. ಅವಳ ಓಟ ನೋಡಿ, ಮಂಡಿ ಇನ್ನೂ ಸ್ವಲ್ಪ ಎತ್ತಬೇಕು ಎಂದು ಮೇಡಂ ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು. ಅರ್ಧ ಗಂಟೆಯಲ್ಲಿ ದೊಡ್ಡ ಡಾಕ್ಟರು ಬಂದರು, ಅವರ ಹಿಂದೆ ಆರು ಜನ ವಿದ್ಯಾರ್ಥಿಗಳು ಬಂದರು. ಎಲ್ಲರೂ ಹಳದಿ ಚೀಲ ನೋಡಿದರು. ನಾನು ಎದೆ ಸ್ವಲ್ಪ ಮುಂದೆ ಮಾಡಿ ನಿಂತುಕೊಂಡೆ. ನನ್ನ ಇಡೀ ಸೇವಾವಧಿಯಲ್ಲಿ ಯಾರಾದರೂ ನನ್ನಿಂದ ಏನನ್ನಾದರೂ ಕಲಿತದ್ದು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಎರಡು ದಿನದ ಪರೀಕ್ಷೆಗಳಾದ ಮೇಲೆ ಹುಡುಗಿ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು ಹೇಳಿದಳು. ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇರುವ ಹಾಗೆ ನರಕ್ಕೂ ಒಂದು ಹೊದಿಕೆ ಇದೆ. ರೋಗಗಳ ಜೊತೆ ಹೋರಾಡಲು ದೇಹವೇ ಸಾಕಿಕೊಂಡ ಪಡೆ, ಆ ಹೊದಿಕೆಯನ್ನೇ ಶತ್ರು ಎಂದುಕೊಂಡು ಕಿತ್ತುಹಾಕುತ್ತಿದೆ. ಹೊದಿಕೆ ಹೋದ ಕಡೆ ಸುದ್ದಿ ನಿಧಾನವಾಗುತ್ತದೆ, ಇಲ್ಲವೇ ದಾರಿಯಲ್ಲೇ ಸಾಯುತ್ತದೆ. ಸಾಮಾನ್ಯವಾಗಿ ಇದು ಮಿದುಳು ಬೆನ್ನುಹುರಿಯ ಕಡೆಗಾದರೂ ಹೋಗುತ್ತದೆ, ಕೈಕಾಲಿನ ನರದ ಕಡೆಗಾದರೂ ಹೋಗುತ್ತದೆ. ಎರಡೂ ಕಡೆ ಒಟ್ಟಿಗೆ ಹೋಗುವುದು ಬಹಳ ಅಪರೂಪ. ಕಣ್ಣಿನ ಮಂಜು, ಕಾಲಿನ ಜೋಮು ಎರಡೂ ಒಂದೇ ಕೈವಾಡ.

ಮೇಡಂ ಪೂರ್ತಿ ಕೇಳಿಸಿಕೊಂಡರು.

“ಸೇಮ್ ಸೈಡ್ ಗೋಲು ಅನ್ನಿ.”

ಡಾಕ್ಟರು ನಕ್ಕಳು. ಹೌದು, ಅದೇ ಅಂದಳು. ಮೈದಾನದಲ್ಲಿ ನಮ್ಮವನೇ ನಮ್ಮ ಗೋಲಿಗೆ ಹೊಡೆದರೆ ಅವನನ್ನು ಬೈದು ಪ್ರಯೋಜನವಿಲ್ಲ, ಹೊರಗೆ ಕೂರಿಸಬೇಕು ಎಂದು ಮೇಡಂ ತೀರ್ಪು ಕೊಟ್ಟರು. ಚಿಕಿತ್ಸೆಯೂ ಹೆಚ್ಚುಕಡಿಮೆ ಅದೇ ಆಗಿತ್ತು. ಮೊದಲು ಸ್ಟೆರಾಯ್ಡಿನ ಡ್ರಿಪ್ಪು. ಆಮೇಲೆ ಒಂದು ಯಂತ್ರ, ರಕ್ತವನ್ನು ಹೊರಗೆ ತೆಗೆದು, ಅದರ ತಿಳಿಯಲ್ಲಿ ಅಡಗಿ ಕೂತ ತಪ್ಪಿತಸ್ಥರನ್ನು ಸೋಸಿ, ಬೇರೆ ತಿಳಿ ಸೇರಿಸಿ ಒಳಗೆ ಬಿಡುವುದು. ದಿನ ಬಿಟ್ಟು ದಿನ, ಐದು ಸಲ. ಇದರಿಂದ ನಡೆಯುತ್ತೇನಾ ಎಂದು ಮೇಡಂ ಕೇಳಿದರು. ಡಾಕ್ಟರು ಭರವಸೆ ಕೊಡಲಿಲ್ಲ. ಸುದ್ದಿ ತಿರುಗಿ ಓಡಾಡಲು ಶುರುವಾಗಬಹುದು, ತಿಂಗಳುಗಳು ಹಿಡಿಯಬಹುದು, ಪೂರ್ತಿ ಬಾರದೆಯೂ ಇರಬಹುದು ಎಂದಳು. ಹಾಗೆ ಹೇಳಿದ್ದಕ್ಕೇ ಮೇಡಂ ಅವಳನ್ನು ನಂಬಿದರು.

ಆಗ ಮೇಡಮ್ಮನವರಿಗೆ ಹೊಳೆದದ್ದು ಗಂಟೆಯ ಉಪಾಯ. ನಾನು ವಾರಕ್ಕೆರಡು ಸಲ ನೋಡಲು ಹೋಗುತ್ತಿದ್ದೆ. ಹೋದ ಕೂಡಲೇ ಮೇಡಂ ಕಣ್ಣು ಮುಚ್ಚಿ, “ಗಂಟೆ ಒಡೀರಿ ಸಾರ್” ಅನ್ನುವರು. ನಾನು ಕಂಬಳಿಯ ಕೆಳಗೆ ಅವರ ಬಲಗಾಲಿನ ಹೆಬ್ಬೆರಳಿಗೆ ಪೆನ್ನಿನ ತುದಿಯಿಂದ ಬಡಿಯಬೇಕು. ಅವರು ಕೈಬಳೆಯಿಂದ ಮಂಚದ ಕಬ್ಬಿಣಕ್ಕೆ ಅಷ್ಟೇ ಸಲ ಬಡಿದು ಜವಾಬು ಕೊಡಬೇಕು. ಇಂಜಿನ್ ಮನೆಯಿಂದ ಜವಾಬು ಬರಲಿಲ್ಲ. ನಾನು ಮೂರು ಬಡಿದರೆ, ಬಡಿದಿರಾ ಎಂದು ಕೇಳುವರು. ಎರಡನೆಯ ವಾರ ಜವಾಬು ಸರಿಯಾಗಿ ಬರತೊಡಗಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ನೋಡಿದರೆ, ಒಂದು ಕಣ್ಣು ಓರೆಯಾಗಿ ತೆರೆದು ನನ್ನ ಮೊಣಕೈ ಅಲುಗುವುದನ್ನು ಎಣಿಸುತ್ತಿದ್ದರು. ಹೋಬಳಿಯ ಅತ್ಯಂತ ಕಟ್ಟುನಿಟ್ಟಿನ ಅಂಪೈರು ಕಳ್ಳಾಟ ಆಡಿದ್ದರು. ಅಂದಿನಿಂದ ನಾನು ಮುಖದ ಮುಂದೆ, ತೋಳಿನ ಮುಂದೆ ದಿನಪತ್ರಿಕೆ ಹಿಡಿದು ಬಡಿಯುತ್ತಿದ್ದೆ.

ಐದು ಸಲದ ಸೋಸುವಿಕೆ ಮುಗಿಯಿತು. ಸ್ಟೆರಾಯ್ಡಿನಿಂದ ಮುಖ ಊದಿ ಪೂರಿಯಾಗಿತ್ತು. ಮನೆಗೆ ಕಳಿಸಿದರು. ಉರಿಗಾಂನ ಸಾಲುಮನೆಯ ಮುಂದಿನ ಕೋಣೆಯಲ್ಲಿ ಕಬ್ಬಿಣದ ಮಂಚ. ನಾನು ಬಂಗಾರಪೇಟೆಯಿಂದ ಭಾನುವಾರ ಭಾನುವಾರ ರೈಲಿನಲ್ಲಿ ಹೋಗುವುದು, ಬಡಿಯುವುದು, ಮೌನ, ಕಾಫಿ, ವಾಪಸು. ಒಂದು ಭಾನುವಾರ ಅವರ ಮುಖ ನೋಡಲಾಗದೆ ಸುಳ್ಳು ಹೇಳಿದೆ. ಎರಡು ಬಡಿದಿದ್ದೆ, ಅವರು ಊಹೆಯಿಂದ ಒಂದೇ ಅಂದರು, ನಾನು ಸರಿ ಅಂದೆ. ನನ್ನ ದನಿಯಿಂದಲೇ ಹಿಡಿದುಬಿಟ್ಟರು. ಬೈಯಲಿಲ್ಲ, ಯಾವ ಭಾಷೆಗೂ ಹೋಗಲಿಲ್ಲ.

“ಸುಳ್ಳು ಜವಾಬು ಕೊಡ್ಬಾರ್ದು ಸಾರ್” ಅಂದರು. “ಸುಳ್ಳು ಜವಾಬಿಗೆ ಕೇಜಲ್ಲಿದ್ದೋರು ಸತ್ತೋಗ್ತಾರೆ.”

ಸ್ಟೇಷನ್ನಿನವರೆಗೆ ಕಾಲು ಎಳೆಯುತ್ತಾ ಬಂದೆ. ಮುಂದಿನ ಭಾನುವಾರ ಹೋಗುವುದೋ ಬೇಡವೋ ಎಂದು ಶನಿವಾರದ ತನಕ ಯೋಚಿಸಿ, ಹೋದೆ.

ಮಧ್ಯಾಹ್ನದ ಹೊತ್ತು. ಗಂಡ ಒಳಗೆ ಹಪ್ಪಳ ಕರಿಯುತ್ತಿದ್ದರು. ನಾನು ಪತ್ರಿಕೆ ಅಡ್ಡ ಹಿಡಿದು, ಯಾವ ಆಸೆಯೂ ಇಲ್ಲದೆ, ಮೂರು ಬಡಿದೆ.

ಮಂಚದ ಕಬ್ಬಿಣ ಮೂರು ಸಲ ಟಣ್ ಎಂದಿತು.

ಎರಡು ಬಡಿದೆ. ಎರಡು ಬಂತು. ಒಂದು ಬಡಿದೆ. ಒಂದು ಬಂತು, ಸ್ವಲ್ಪ ತಡವಾಗಿ, ದೂರದಿಂದ ನಡೆದುಕೊಂಡು ಬಂದ ಹಾಗೆ. ಊಹೆ ಇರಬಹುದೆಂದು ಪರೀಕ್ಷಿಸಲು ಏಳು ಬಡಿದೆ. ಮಂಚ ಸುಮ್ಮನಾಯಿತು. ಪತ್ರಿಕೆಯ ಆಚೆಯಿಂದ ಮೇಡಂ ದನಿ ಬಂತು.

“ಏಳು ಅಂತ ಇಲ್ವೇ ಇಲ್ಲ ಸಾರ್ ನಮ್ಮಪ್ಪನ ಲೆಕ್ಕದಾಗೆ. ನೆಟ್ಗೆ ಒಡೀರಿ.”

ಪತ್ರಿಕೆ ಕೆಳಗಿಟ್ಟೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು, ರೆಪ್ಪೆಯ ಅಂಚಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ಗಂಡ ಬಾಗಿಲಲ್ಲಿ ಜಾಲರಿ ಸೌಟು ಹಿಡಿದು ನಿಂತಿದ್ದರು, ಎಣ್ಣೆ ತೊಟ್ಟಿಕ್ಕುತ್ತಿತ್ತು. ಅವರು ಆ ಸೌಟಿನಿಂದ ಬಾಗಿಲ ಚೌಕಟ್ಟಿಗೆ ಏಳು ಸಲ ಬಡಿದರು. ಒಳಗೆ ಹಪ್ಪಳ ಸೀದುಹೋಯಿತು. ಸೀದ ಹಪ್ಪಳವನ್ನೇ ಮೂವರೂ ತಿಂದೆವು. ಅಷ್ಟು ರುಚಿಯಾದದ್ದನ್ನು ನಾನು ಆಮೇಲೆ ತಿಂದಿಲ್ಲ.

ಆಮೇಲಿನದು ನಿಧಾನದ ಕತೆ. ಗೋಡೆ ಹಿಡಿದು, ವಾಕರ್ ಹಿಡಿದು, ಕೋಲು ಹಿಡಿದು. ಪಡೆ ಮತ್ತೆ ತಿರುಗಿಬೀಳದಂತೆ ಮಾತ್ರೆ ಈಗಲೂ ಇದೆ. ಎಡಪಾದ ಇನ್ನೂ ಅರ್ಧ ನಿದ್ದೆಯಲ್ಲಿದೆ. ಶಾಲೆಗೆ ಮರಳಿದ ದಿನ ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು, ಬೂಟು ಎರಡನ್ನೂ ಬಿಚ್ಚಿ ಪಾದವನ್ನು ಮಣ್ಣಿಗೆ ಊರಿದರು, ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಸೀಟಿ ಊದಿದರು. ಸೀಟಿ ವಾಪಸು ಬಂದಿದೆ ಎಂದು ಹೆಡ್‌ಮಾಸ್ಟರರು ಪುಸ್ತಕದಲ್ಲಿ ಬರೆದುಕೊಂಡರು. ಅದೇ ವರ್ಷ ನಮ್ಮ ಹುಡುಗಿಯರು ಕಾಮಸಮುದ್ರದಲ್ಲಿ ಖೋಖೋ ಗೆದ್ದರು. ಹಳದಿ ಚೀಲ ಈಗ ಒಂದೇ ಇದೆ, ಕಣ್ಣು ಕಾಲು ಎಲ್ಲ ಅದರಲ್ಲೇ. ಇನ್ನೊಂದನ್ನು ನನಗೆ ಕೊಟ್ಟಿದ್ದಾರೆ. ನಾನು ಅದರಲ್ಲಿ ಈರುಳ್ಳಿ ತರುತ್ತೇನೆ.

ಈಗ ಆ ಭಾಷಣದ ವಿಷಯ. ಮೈಕಿನ ಕಂಬ ಮುರಿದಿತ್ತು, ಆದ್ದರಿಂದ ವೇದಿಕೆಯ ಮೇಜಿನ ಹಿಂದೆಯೇ, ಹಾರ ಹಾಕಿಕೊಂಡು ಕೂತ ಮೇಡಮ್ಮನವರ ಪಕ್ಕದಲ್ಲೇ ನಿಂತು, ಮೈಕು ಕೈಯಲ್ಲಿ ಹಿಡಿದು ಓದುತ್ತಿದ್ದೆ. ಮೊದಲ ಪುಟದಲ್ಲಿ ಶಿಸ್ತು, ಎರಡನೆಯದರಲ್ಲಿ ಸೇವೆ, ಮೂರನೆಯದರಲ್ಲಿ ಆದರ್ಶ. ಸಭೆ ಆಕಳಿಸುತ್ತಿತ್ತು. ಮುಂದೆ ಕೂತ ಹುಡುಗಿಯರಿಗೆ ಬಿಸಿಲು ಹೊಡೆಯುತ್ತಿತ್ತು. ನಾನು ನಿಲ್ಲಿಸುವ ಯಾವ ಲಕ್ಷಣವೂ ಇರಲಿಲ್ಲ.

ಆಗ ಮೇಜಿನ ಬಟ್ಟೆಯ ಮರೆಯಲ್ಲಿ ನನ್ನ ಪಾದದ ಮೇಲೆ ಏನೋ ಬಿತ್ತು. ಕೋಲಲ್ಲ, ಕೋಲು ಗೋಡೆಗೆ ಒರಗಿತ್ತು. ಕೆಳಗೆ ನೋಡಿದೆ. ಮೇಡಂ ಚಪ್ಪಲಿ ಕಳಚಿದ್ದರು. ಸಭೆಯ ಕಡೆ ಗಂಭೀರವಾಗಿ ನೋಡುತ್ತಾ, ಬಲಗಾಲಿನ ಹೆಬ್ಬೆರಳಿನಿಂದ ನನ್ನ ಪಾದಕ್ಕೆ ಬಡಿದಿದ್ದರು. ಸ್ಪಷ್ಟವಾಗಿ, ಗಟ್ಟಿಯಾಗಿ, ಒಂದೇ ಸಲ.

ನಿಯಮದ ಪ್ರಕಾರ ನಾನೂ ನೆಲಕ್ಕೆ ಕಾಲಿನಿಂದ ಒಂದು ಬಡಿದು ಜವಾಬು ಕೊಟ್ಟೆ. ಪುಟಗಳನ್ನು ಮಡಚಿ, ಕೂತೆ.